ಒಂದು ಮೀಟರ್, ಎರಡು ಮನೆ: ಮೇನ್ ಲೈನ್ ಎರಡು ಕವಲಾಗಿ ಒಡೆಯುವ ಜಾಗಕ್ಕೆ ಯಾವ ಕನೆಕ್ಟರ್ ಹಾಕಬೇಕು?

ಮೇ ತಿಂಗಳ ರಾತ್ರಿ, ಹನ್ನೊಂದು ದಾಟಿತ್ತು. ಮೇಲಿನ ಮನೆಯಿಂದ ತಮ್ಮ ಕೂಗಿದ: "ಅಣ್ಣಾ, ಏನೋ ಸುಟ್ಟ ವಾಸನಿ ಬರ್ಲತದ ನೋಡು." ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿಗೆ ಓಡಿದೆ. ಮೇನ್ ಆಫ್ ಮಾಡಿ ಮುಚ್ಚಳ ತೆಗೆದೆ. ಕಪ್ಪು ಟೇಪು ಬೆಲ್ಲದ ಪಾಕದ ಹಾಗೆ ಕರಗಿ ಹಲಗೆ ಮೇಲೆ ಇಳಿದಿತ್ತು. ಒಳಗಿನ ತಾಮ್ರ ನೀಲಿ ಕಪ್ಪಗಾಗಿತ್ತು. ಅಲ್ಲಿಂದ ಒಂದು ಗೇಣು ದೂರದಲ್ಲಿ ಅದೇ ವೈರ್ ಮಾತ್ರ ಹೊಸದಾಗಿ ತಂದ ಹಾಗೇ ಹೊಳೆಯುತ್ತಿತ್ತು.

ಮೇಲೆ ತಮ್ಮನಿಗೆ ಮನೆ ಕಟ್ಟಿದಾಗ ಮೇನ್ ಸ್ವಿಚ್‌ನಿಂದ ಬರುವ ವೈರಿಗೆ ಎರಡು ವೈರ್ ಸೇರಿಸಿ ತಿರುವಿ, ಟೇಪ್ ಸುತ್ತಿದ್ದರು. ಒಂದು ಕೆಳಗಿನ ಮನೆಗೆ, ಒಂದು ಮೇಲಕ್ಕೆ. ಕೆಲಸ ಮಾಡಿದವರು "ಟೇಪ್ ಸುತ್ತೀನ್ರಿ ಅಣ್ಣಾರ, ಏನೂ ಆಗಂಗಿಲ್ಲ" ಅಂದಿದ್ದರು. ನಾನೂ ತಲೆ ಆಡಿಸಿದ್ದೆ. ವೈರ್ ಮಾತ್ರ ಒಳ್ಳೇದು ತಂದಿದ್ದೆ, ಜೋಡಣೆಯ ಬಗ್ಗೆ ಯೋಚಿಸಿರಲೇ ಇಲ್ಲ.

ಆಮೇಲೆ ಅದನ್ನೆಲ್ಲ ಕಿತ್ತು ಮತ್ತೆ ಮಾಡಿಸುವಾಗ ಕಲಿತದ್ದು ಇಲ್ಲಿದೆ. ಕಲಬುರಗಿಯಲ್ಲಿ ಒಂದೇ ಮನೆ ಎರಡಾಗುವುದು ದಿನಾ ನಡೆಯುವ ಮಾತು. ಅಣ್ಣತಮ್ಮಂದಿರ ಪಾಲು, ಮೇಲಿನ ಬಾಡಿಗೆ ಮನೆ, ಮುಂದೆ ಒಂದು ಅಂಗಡಿ, ಹೀಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ನೀವೇ ಮೇನ್ ಲೈನಿಗೆ ಕೈ ಹಾಕಬೇಡಿ. ಕೆಲಸವನ್ನು ಪರವಾನಗಿ ಇರುವವರೇ ಮಾಡಲಿ. ಯಾವ ಸಾಮಾನು ಬೇಕು ಅಂತ ಆರಿಸುವುದು, ಮಾಡಿದ ಮೇಲೆ ಸರಿಯಾಗಿದೆಯಾ ಅಂತ ನೋಡುವುದು ನಿಮ್ಮ ಕೆಲಸ.

ವೈರ್ ಸುಡಲಿಲ್ಲ, ಜೋಡಣೆ ಸುಟ್ಟಿತು. ಯಾಕೆ?

ಎರಡು ತಾಮ್ರಗಳು ಸಡಿಲವಾಗಿ ಮುಟ್ಟಿದ ಜಾಗದಲ್ಲಿ ಕರೆಂಟಿಗೆ ಸ್ವಲ್ಪ ತಡೆ ಇರುತ್ತದೆ. 0.05 ಓಮ್ ಅಂದುಕೊಳ್ಳಿ, ಲೆಕ್ಕಕ್ಕೇ ಬಾರದಷ್ಟು. ಅದರಲ್ಲಿ 20 ಆಂಪಿಯರ್ ಹರಿದರೆ? ಕರೆಂಟನ್ನು ಕರೆಂಟಿನಿಂದಲೇ ಗುಣಿಸಿ, ತಡೆಯಿಂದ ಮತ್ತೆ ಗುಣಿಸಿ. 20 ವಾಟ್ ಶಾಖ ಬಂತು. ಮೊಬೈಲ್ ರಿಪೇರಿಯವರ ಸಾಲ್ಡರಿಂಗ್ ಕಡ್ಡಿ 25 ವಾಟ್ ಇರುತ್ತದೆ. ಹೆಚ್ಚುಕಡಿಮೆ ಅಂಥದ್ದೊಂದು ಕಡ್ಡಿಯನ್ನು ಟೇಪಿನೊಳಗೆ ಸುತ್ತಿ, ಡಬ್ಬಿ ಮುಚ್ಚಿ, ರಾತ್ರಿಯೆಲ್ಲ ಬಿಟ್ಟ ಹಾಗಾಯಿತು.

ಇನ್ನೂ ಕೆಟ್ಟ ಸಂಗತಿ ಏನೆಂದರೆ, ಎಂಸಿಬಿಗೆ, ಅಂದರೆ ಕರೆಂಟ್ ಜಾಸ್ತಿಯಾದರೆ ತಾನಾಗೇ ಬೀಳುವ (ಟ್ರಿಪ್ ಆಗುವ) ಸ್ವಿಚ್ಚಿಗೆ, ಇದು ಗೊತ್ತೇ ಆಗುವುದಿಲ್ಲ. ಹರಿಯುತ್ತಿರುವುದು 20 ಆಂಪಿಯರೇ, ಜಾಸ್ತಿ ಏನಲ್ಲ. ಕರೆಂಟ್ ನೆಲಕ್ಕೆ ಸೋರುತ್ತಿಲ್ಲ, ಹಾಗಾಗಿ ಸೋರಿಕೆ ಕಂಡರೆ ಬೀಳುವ ಆರ್‌ಸಿಸಿಬಿಯೂ ಸುಮ್ನೆ ಇರುತ್ತದೆ. ಅಲ್ಲಿ ಕಳೆದುಹೋಗುವುದು ಒಂದೇ ವೋಲ್ಟ್, ಆದ್ದರಿಂದ ಲೈಟೂ ಮಂಕಾಗುವುದಿಲ್ಲ. ಮೊದಲು ಗೊತ್ತಾಗುವುದು ಮೂಗಿಗೆ.

ಒಮ್ಮೆ ಬಿಸಿಯಾದ ತಾಮ್ರದ ಮೇಲೆ ಕಪ್ಪು ಪದರ ಕೂರುತ್ತದೆ. ತಡೆ ಇನ್ನಷ್ಟು ಏರುತ್ತದೆ, ಶಾಖವೂ ಏರುತ್ತದೆ. ಹಗಲು ಆರಿ ಕುಗ್ಗುತ್ತದೆ, ರಾತ್ರಿ ಕಾಯ್ದು ಹಿಗ್ಗುತ್ತದೆ. ಹೀಗೆ ದಿನಾ ಒಂಚೂರು ಸಡಿಲ.

ಮೊದಲ ಹೆಜ್ಜೆ: ಎಲ್ಲಿಂದ ಒಡೆಯುತ್ತೀರಿ?

ಮೀಟರ್ ದಾಟಿದ ಮೇಲೆ, ಮೇನ್ ಸ್ವಿಚ್ಚೂ ದಾಟಿದ ಮೇಲೆ ಮಾತ್ರ. ಕಂಬದಿಂದ ಮೀಟರಿನವರೆಗಿನ ವೈರ್, ಮೀಟರ್, ಅದರ ಸೀಲು ಇವುಗಳ ತಂಟೆಗೆ ಹೋಗಬೇಡಿ. ಅದು ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂಗೆ ಸೇರಿದ್ದು. ಮೀಟರಿಗೆ ಮುಂಚೆ ಕವಲು ತೆಗೆದರೆ 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಅದು ಕಳ್ಳತನ. ಅಲ್ಲಿ ಸುಟ್ಟ ಗುರುತು ಕಂಡರೆ ಸೆಕ್ಷನ್ ಆಫೀಸಿಗೆ ತಿಳಿಸಿ.

ಒಡೆಯುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಒಡೆಯಲೇಬೇಕಾ? ಮೇಲಿನದು ಅಡುಗೆಮನೆ ಸಮೇತ ಬೇರೆ ಸಂಸಾರವಾದರೆ ಎರಡನೇ ಮೀಟರೇ ವಾಸಿ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಗೆ 2023ರ ಆಗಸ್ಟ್ 5ರಂದು ಚಾಲನೆ ಸಿಕ್ಕಿದ್ದು ನಮ್ಮ ಕಲಬುರಗಿಯಲ್ಲೇ. ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು ಅನ್ನುವುದು ಅದರ ನಿಯಮ. ಎರಡು ಸಂಸಾರ ಒಂದೇ ಆರ್‌ಆರ್ ನಂಬರಿನಲ್ಲಿದ್ದರೆ ಬೇಸಿಗೆಯಲ್ಲಿ 200 ದಾಟುವುದು ಎಷ್ಟು ಹೊತ್ತಿನ ಮಾತು! ಒಂದೇ ಕುಟುಂಬ, ಒಂದೇ ಬಿಲ್, ಮಹಡಿ ಮಾತ್ರ ಬೇರೆ ಅಂತಾದರೆ ಒಡೆಯುವುದು ಸರಿ. ಮುಂದಿನದೆಲ್ಲ ಅಂಥವರಿಗೆ.

ಎರಡನೇ ಹೆಜ್ಜೆ: ಆಂಪಿಯರ್ ಲೆಕ್ಕ

ಅಂಗಡಿಗೆ ಹೋಗಿ "ದೊಡ್ಡ ಕನೆಕ್ಟರ್ ಕೊಡ್ರಿ" ಅಂದರೆ ಏನು ಕೊಟ್ಟಾರು? ಆಂಪಿಯರ್ ಹೇಳಬೇಕು. ಲೆಕ್ಕ ಸುಲಭ: ವಾಟನ್ನು 230ರಿಂದ ಭಾಗಿಸಿ.

ನಮ್ಮ ಮನೆಯದೇ ಹೇಳುತ್ತೇನೆ. ಚಳಿಗಾಲದ ಬೆಳಗ್ಗೆ ಏಳು ಗಂಟೆ. ಕೆಳಗೆ ಗೀಸರ್ 2000 ವಾಟ್, ಒಂದು ಎಚ್‌ಪಿ ಮೋಟಾರ್ ಸುಮಾರು 1100, ಮಿಕ್ಸಿ 750, ಫ್ರಿಜ್ಜು ಲೈಟು ಎಲ್ಲ ಸೇರಿ 600. ಒಟ್ಟು 4450 ವಾಟ್, ಅಂದರೆ 19 ಆಂಪಿಯರ್ ಚಿಲ್ಲರೆ. ಮೇಲೆ ಗೀಸರ್ 2000, ಇಂಡಕ್ಷನ್ ಒಲೆ 1800, ಉಳಿದದ್ದು 300. ಅದು 4100, ಸುಮಾರು 18 ಆಂಪಿಯರ್. ಎರಡೂ ಸೇರಿದರೆ 37.

ಮೇ ತಿಂಗಳಲ್ಲಿ ಗೀಸರ್ ಯಾರಿಗೆ ಬೇಕು? ಟ್ಯಾಂಕಿನ ನೀರಿಗೇ ಕೈ ಇಡಲಾಗುವುದಿಲ್ಲ. ಆಗ ರಾತ್ರಿ ಎರಡು ಏಸಿ, ಫ್ಯಾನು, ಫ್ರಿಜ್ಜು, ಹೊರಗಿನ ಕೋಣೆಗೆ ಕೂಲರ್ ಸೇರಿ ಸುಮಾರು 20 ಆಂಪಿಯರ್. ಚಳಿಗಾಲದ ಅರ್ಧ ಮಾತ್ರ. ಆದರೂ ನಮ್ಮ ಜೋಡಣೆ ಸುಟ್ಟಿದ್ದು ಮೇ ತಿಂಗಳಲ್ಲೇ! ಚಳಿಗಾಲದ 37 ಇರುವುದು ಅರ್ಧ ಗಂಟೆ. ಬೇಸಿಗೆಯ 20 ಎಡೆಬಿಡದೆ ಎಂಟು ಗಂಟೆ. ಅದೂ ಹಗಲೆಲ್ಲ 43 ಡಿಗ್ರಿ ಬಿಸಿಲು ಕುಡಿದ ಪಶ್ಚಿಮದ ಗೋಡೆ ಮೇಲೆ. ಹಾಗಾಗಿ ಕನೆಕ್ಟರ್ ಆರಿಸುವಾಗ ಅತಿ ಹೆಚ್ಚು ಎಷ್ಟು ಅನ್ನುವುದರ ಜೊತೆ ಎಷ್ಟು ಹೊತ್ತು, ಎಷ್ಟು ಬಿಸಿ ಜಾಗದಲ್ಲಿ ಅನ್ನುವುದನ್ನೂ ನೋಡಿ.

ಕನೆಕ್ಟರ್ ಮೇಲೆ ಬರೆದ ಆಂಪಿಯರ್, ಹಿಂದಿರುವ ಮೇನ್ ಎಂಸಿಬಿಯ ಒಂದೂವರೆ ಪಟ್ಟಾದರೂ ಇರಲಿ ಅನ್ನುವುದು ನನ್ನ ನಿಯಮ. ಮೇನ್ 40 ಆದರೆ ಕನೆಕ್ಟರ್ 63ಕ್ಕೆ ಕಡಿಮೆ ಬೇಡ, 80 ಸಿಕ್ಕರೆ ಅದನ್ನೇ ತನ್ನಿ. ಮನೆಯ ಎಂಸಿಬಿಗಳನ್ನು 30 ಡಿಗ್ರಿ ಬಿಸಿಗೆ ಹೊಂದಿಸಿ ಮಾಡಿರುತ್ತಾರೆ ಅನ್ನುವುದೂ ನೆನಪಿರಲಿ. ನಮ್ಮ ಡಬ್ಬಿಯೊಳಗೆ 50 ಇದ್ದಾಗ ಅದು ಬರೆದದ್ದಕ್ಕಿಂತ ಬೇಗ ಬೀಳುತ್ತದೆ. ಬೀಳುತ್ತದೆ ಅಂತ ಸಿಟ್ಟಿಗೆದ್ದು ದೊಡ್ಡ ಎಂಸಿಬಿ ಹಾಕಿಸಬೇಡಿ. ಡಬ್ಬಿಯನ್ನು ನೆರಳಿಗೆ ಸರಿಸಿ.

ಲೆಕ್ಕ ಮಾಡಿದ ಮೇಲೆ ಕರೆಂಟ್ ಬಿಲ್ ತೆಗೆದು ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಅಂತ ನೋಡಿ. ನಮ್ಮದು 3 ಇತ್ತು, ಬಳಸುತ್ತಿದ್ದದ್ದು ಎಂಟೂವರೆ. ಅದನ್ನು ಜೆಸ್ಕಾಂನಲ್ಲಿ ಸರಿಪಡಿಸದೆ ಎಂಥ ಕನೆಕ್ಟರ್ ಹಾಕಿದರೂ ಅರ್ಧ ಕೆಲಸವೇ.

ಮೂರನೇ ಹೆಜ್ಜೆ: ಕನೆಕ್ಟರ್‌ಗಳ ಪರಿಚಯ

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಎಲೆಕ್ಟ್ರಿಕ್ ಅಂಗಡಿಗೆ ಹೋಗಿ "ಕನೆಕ್ಟರ್" ಅಂದರೆ ಮೊದಲು ಮುಂದಿಡುವುದು ಹನ್ನೆರಡು ಖಾನೆಯ ಬಿಳಿ ಪ್ಲಾಸ್ಟಿಕ್ ಪಟ್ಟಿ. ಬೇಕಾದಷ್ಟು ಕತ್ತರಿಸಿ ಬಳಸುವಂಥದ್ದು. ಫ್ಯಾನಿಗೆ, ಟ್ಯೂಬ್‌ಲೈಟಿಗೆ ಅದು ಸಾಕು. ಮೇನಿಗೆ ಬೇಡವೇ ಬೇಡ. ಒಳಗಿನ ಹಿತ್ತಾಳೆ ತೆಳು. ಸ್ಕ್ರೂ ತುದಿ ನೇರವಾಗಿ ವೈರಿನ ಎಳೆಗಳ ಮೇಲೆ ತಿರುಗಿ ನಾಲ್ಕು ಎಳೆ ಕತ್ತರಿಸುತ್ತದೆ. ಅಗ್ಗದ ಪ್ಲಾಸ್ಟಿಕ್ ಬಿಸಿಗೆ ಬಾಗಿಹೋಗುತ್ತದೆ.

ಈಚೆಗೆ ಕಿತ್ತಳೆ ಬಣ್ಣದ ಪುಟ್ಟ ಹಿಡಿಕೆ ಇರುವ, ಎತ್ತಿ ಒತ್ತುವ ಕನೆಕ್ಟರ್ ಬಂದಿದೆ. ವಾಗೋ ಕಂಪನಿಯ 221 ಅಂಥದ್ದು. ನನಗೆ ಅದು ಬಹಳ ಇಷ್ಟ. ಸ್ಪ್ರಿಂಗ್ ಒತ್ತಿ ಹಿಡಿಯುತ್ತದೆ, ಸ್ಕ್ರೂ ಸಡಿಲವಾಗುವ ಚಿಂತೆ ಇಲ್ಲ. ಪಾರದರ್ಶಕವಾದ್ದರಿಂದ ವೈರ್ ಪೂರ್ತಿ ಒಳಗೆ ಹೋಯಿತಾ ಅಂತ ಕಾಣುತ್ತದೆ. ಆದರೆ ಚಿಕ್ಕದು 4 ಚದರ ಮಿಲಿಮೀಟರ್ ವೈರ್, 32 ಆಂಪಿಯರ್‌ವರೆಗೆ. ದೊಡ್ಡದು 6ರ ವೈರ್, 41 ಆಂಪಿಯರ್. ಒಳಗಿನ ಕೋಣೆಗಳ ಕವಲಿಗೆ ಇದಕ್ಕಿಂತ ಒಳ್ಳೇದಿಲ್ಲ. ಮೇನಿನ 10ರ ವೈರ್ ಮಾತ್ರ ಇದರ ಬಾಯಿಗೆ ಹಿಡಿಸುವುದಿಲ್ಲ. ಹಿಡಿಸಲಿ ಅಂತ ಎಳೆ ಕತ್ತರಿಸುವವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ 10ರ ದುಡ್ಡು ಕೊಟ್ಟು 6ರ ವೈರ್ ಹಾಕಿದ ಹಾಗೆ. ನೋಡಲು ಹೀಗೇ ಇರುವ ನಕಲಿಗಳೂ ಸಿಗುತ್ತವೆ, ಮೈಮೇಲೆ ಆಂಪಿಯರ್, ವೋಲ್ಟ್, ವೈರಿನ ಗಾತ್ರ ಮೂರೂ ಅಚ್ಚಾಗಿರಲಿ.

ಮೇನ್ ಒಡೆಯಲು ಬೇಕಾದದ್ದು ಡಿಸ್ಟ್ರಿಬ್ಯೂಷನ್ ಬ್ಲಾಕ್. ಡಿಬಿ (ಎಂಸಿಬಿಗಳನ್ನು ಕೂರಿಸುವ ಡಬ್ಬಿ) ಒಳಗಿನ 35 ಮಿಲಿಮೀಟರ್ ಪಟ್ಟಿಗೆ ಎಂಸಿಬಿಯ ಹಾಗೇ ಕಚ್ಚಿ ಕೂರುತ್ತದೆ. ಕೈಯಲ್ಲಿ ಹಿಡಿದರೆ ಭಾರ ಅನಿಸುತ್ತದೆ, ಒಳಗೆ ಗಟ್ಟಿ ಹಿತ್ತಾಳೆಯ ಇಟ್ಟಿಗೆ ಇದೆ. ಒಂದು ಕಡೆ ದೊಡ್ಡ ತೂತು, ಮೇನ್ ವೈರಿಗೆ. ಇನ್ನೊಂದು ಕಡೆ ಚಿಕ್ಕ ತೂತುಗಳು, ಕವಲುಗಳಿಗೆ. ಪ್ರತಿ ವೈರಿಗೂ ತನ್ನದೇ ತೂತು, ತನ್ನದೇ ಸ್ಕ್ರೂ. ಮೇಲೆ ಬೆರಳು ಹೋಗದ ಹಾಗೆ ಮುಚ್ಚಳ. ಒಂದು ಸ್ಕ್ರೂ ಸಡಿಲವಾದರೆ ಆ ಒಂದು ಕವಲಿಗೆ ಮಾತ್ರ ತೊಂದರೆ. ಫೇಸಿಗೆ ಒಂದು, ನ್ಯೂಟ್ರಲ್‌ಗೆ ಒಂದು ಬೇಕು. ನ್ಯೂಟ್ರಲ್‌ನಲ್ಲೂ ಅಷ್ಟೇ ಕರೆಂಟ್ ವಾಪಸ್ ಬರುತ್ತದೆ, ಅದಕ್ಕೆ ಅಗ್ಗದ್ದು ಸಾಕು ಅಂದುಕೊಳ್ಳಬೇಡಿ. ನಮ್ಮ ಮನೆಯಲ್ಲಿ ಫೇಸಿನ ಜೊತೆ ನ್ಯೂಟ್ರಲ್ ಜೋಡಣೆಯೂ ಕಪ್ಪಾಗಿತ್ತು.

ಅಂಗಡಿಯಲ್ಲಿ ಬ್ಲಾಕ್ ಇಲ್ಲ ಅಂದರೆ? "ಎಂಸಿಬಿ ಬಾಯಾಗೇ ಎರಡು ವೈರ್ ತುರುಕ್ರಿ, ನಡೀತದ" ಅನ್ನುತ್ತಾರೆ. ನಡೆಯುವುದಿಲ್ಲ. ಒಂದು ದಪ್ಪ, ಒಂದು ತೆಳು ವೈರ್ ಒಂದೇ ಬಾಯಲ್ಲಿದ್ದರೆ ಸ್ಕ್ರೂ ದಪ್ಪದ್ದನ್ನು ಒತ್ತುತ್ತದೆ, ತೆಳುವಿನದು ಬದಿಗೆ ಜಾರಿ ಸುಮ್ನೆ ಮುಟ್ಟಿಕೊಂಡಿರುತ್ತದೆ. ಅದರ ಬದಲು ಎಂಸಿಬಿಗಳನ್ನು ಸಾಲಾಗಿ ಕೂರಿಸಿ, ಬಾಚಣಿಗೆ ಹಲ್ಲಿನಂಥ ತಾಮ್ರದ ಬಸ್‌ಬಾರ್ ಹಾಕಿಸಿ. ಕತ್ತರಿಸಿದ ತುದಿಗೆ ಪ್ಲಾಸ್ಟಿಕ್ ಟೋಪಿ ತಪ್ಪಬಾರದು.

ಕಂಬದ ಮೇಲೆ ಲೈನ್‌ಮನ್‌ಗಳು ಹಾಕುವ ಕಪ್ಪು ಕನೆಕ್ಟರ್ ನೋಡಿರಬಹುದು. ವೈರಿನ ಸಿಪ್ಪೆ ಬಿಡಿಸದೆ ಒಳಗಿನ ಹಲ್ಲು ಚುಚ್ಚಿಕೊಂಡು ಹಿಡಿಯುತ್ತದೆ. ಬೋಲ್ಟಿನ ತಲೆ ಸರಿಯಾದ ಬಿಗಿತಕ್ಕೆ ಬಂದ ಕೂಡಲೇ ತಾನಾಗೇ ಮುರಿದು ಬೀಳುತ್ತದೆ. ಜಾಣತನದ ಸಾಮಾನು. ಆದರೆ ಅದು ಹೊರಗಿನ ಲೈನಿಗೆ ಮಾಡಿದ್ದು, ಒಂದೇ ಸಲ ಹಾಕುವಂಥದ್ದು. ಮನೆಯ ಡಬ್ಬಿಗೆ ತರಬೇಡಿ.

ಹಳೇ ಮನೆಯಾದರೆ ಇನ್ನೊಂದು ತೊಡಕು: ಅಲ್ಯೂಮಿನಿಯಂ. ಶಹಾಬಾಜಾರ, ಬ್ರಹ್ಮಪುರದ ಕಡೆ ಹಳೇ ಮನೆಗಳಿದ್ದವರು ಮೀಟರಿನಿಂದ ಮೇನ್ ಸ್ವಿಚ್‌ವರೆಗಿನ ವೈರನ್ನು ಸ್ವಲ್ಪ ನೋಡಿಕೊಳ್ಳಿ. ಬೆಳ್ಳಗಿದ್ದರೆ ಅಲ್ಯೂಮಿನಿಯಂ ಇರಬಹುದು. ಅದನ್ನು ತಾಮ್ರಕ್ಕೆ ನೇರವಾಗಿ ಸೇರಿಸಿದರೆ, ತೇವ ತಾಗಿದಾಗ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಸ್ಕ್ರೂ ಒತ್ತಡಕ್ಕೆ ಅದು ನಿಧಾನವಾಗಿ ಚಪ್ಪಟೆಯಾಗಿ ಹಿಡಿತವೂ ಸಡಿಲವಾಗುತ್ತದೆ. ಎರಡೂ ಲೋಹಕ್ಕೆ ಆಗುತ್ತದೆ ಅಂತ ಬರೆದ ಬ್ಲಾಕ್ ಬೇಕು, ಇಲ್ಲವೇ ವೈರಿನ ತುದಿಗೆ ತೊಡಿಸುವ, ಎರಡು ಲೋಹದ ಬೈಮೆಟಲ್ ಲಗ್. ನಮ್ಮ ಕಡೆ ಲಗ್‌ಗೆ ಥಿಂಬಲ್ ಅಂತಲೂ ಹೇಳುತ್ತಾರೆ. ಅದನ್ನು ಒತ್ತಲು ಅದರದೇ ಕ್ರಿಂಪಿಂಗ್ ಪಕ್ಕಡ್ ಬೇಕು. ಸುತ್ತಿಗೆಯಿಂದ ಬಡಿದು ಒತ್ತಿದರೆ ಹಣ ದಂಡ.

ನಾಲ್ಕನೇ ಹೆಜ್ಜೆ: ಒಡೆದ ಕೂಡಲೇ ಎಂಸಿಬಿ

ಮೇನ್ ವೈರ್ 10, ಮೇಲೆ ಹೋಗುವುದು 6 ಅಂದುಕೊಳ್ಳಿ. ಅಂಗಡಿಯಲ್ಲಿ "6 ಎಂಎಂ" ಅನ್ನುವುದು ಇದನ್ನೇ, ನಿಜಕ್ಕೂ ಅದು ಚದರ ಮಿಲಿಮೀಟರ್. ಮೇನ್ ಎಂಸಿಬಿ 40 ಆಂಪಿಯರ್ ಇದ್ದರೆ 6ರ ವೈರನ್ನು ಅದು ಕಾಯುವುದಿಲ್ಲ. ಆದ್ದರಿಂದ ಬ್ಲಾಕಿನ ಪಕ್ಕದಲ್ಲೇ, ಅದೇ ಡಬ್ಬಿಯಲ್ಲಿ, ಪ್ರತಿ ಕವಲಿಗೂ ಬೇರೆ ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಎಂಸಿಬಿ ಇರಬೇಕು. 6ರ ತಾಮ್ರದ ವೈರಿಗೆ 32ಕ್ಕಿಂತ ಜಾಸ್ತಿ ಬೇಡ. ನಮ್ಮ ಮನೆಗೆ ಮೇಲೆ ಕೆಳಗೆ ಎರಡಕ್ಕೂ 25 ಸಾಕಾಯಿತು. ವೈರಿಗೆ ಐಎಸ್ 694 ಮತ್ತು ಐಎಸ್‌ಐ ಗುರುತು ನೋಡಿ. ಅದರ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಅಂಗಡಿಯಲ್ಲೇ ನಿಂತು ನೋಡಿ, ನಾಚಿಕೆ ಬೇಡ.

ಆಮೇಲೆ ಪ್ರತಿ ಮನೆಗೂ ಬೇರೆ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಇಲ್ಲೇ ಹೆಚ್ಚಿನವರು ಎಡವುವುದು. ಆರ್‌ಸಿಸಿಬಿ ದಾಟಿದ ಮೇಲೆ ಕೆಳಗಿನ ನ್ಯೂಟ್ರಲ್ ಮತ್ತು ಮೇಲಿನ ನ್ಯೂಟ್ರಲ್ ಎಲ್ಲೂ ಕೂಡಬಾರದು. ಕೂಡಿದರೆ ಮೇಲೆ ಹೋದ ಕರೆಂಟ್ ಕೆಳಗಿನ ದಾರಿಯಲ್ಲಿ ವಾಪಸ್ ಬರುತ್ತದೆ, ಎರಡೂ ಆರ್‌ಸಿಸಿಬಿಗೆ ಸೋರಿಕೆ ಅನಿಸಿ ಬೀಳುತ್ತವೆ. ಮೆಟ್ಟಿಲ ಲೈಟಿಗೆ ಮೇಲಿಂದ ಫೇಸ್, ಕೆಳಗಿಂದ ನ್ಯೂಟ್ರಲ್ ಕೊಟ್ಟಿದ್ದರೆ ಹೀಗೇ ಆಗುತ್ತದೆ. ಆಗ "ಆರ್‌ಸಿಸಿಬಿ ಖರಾಬ್ ಅದ್ರಿ, ತೆಗದ್ ಬಿಡ್ರಿ" ಅನ್ನುವವರು ಸಿಗುತ್ತಾರೆ. ತೆಗೆಯಬೇಡಿ, ಮೆಟ್ಟಿಲ ಲೈಟಿನ ವೈರ್ ಹುಡುಕಿಸಿ. ನಮ್ಮಲ್ಲಿ ಎರಡು ದಿನ ತಲೆ ಕೆಡಿಸಿದ್ದು ಅದೇ ಒಂದು ಬಲ್ಬು.

ಅರ್ಥ್ ವೈರ್ ಎರಡೂ ಮನೆಗೆ ಅರ್ಥ್ ಲಿಂಕಿನಿಂದ (ಅರ್ಥ್ ವೈರ್‌ಗಳೆಲ್ಲ ಸೇರುವ ಲೋಹದ ಪಟ್ಟಿ) ಬೇರೆ ಬೇರೆ ಹೋಗಲಿ. ಅದರ ನಡುವೆ ಸ್ವಿಚ್ಚು, ಫ್ಯೂಸು ಏನೂ ಇರಬಾರದು.

ಐದನೇ ಹೆಜ್ಜೆ: ಕೆಲಸ ನಡೆಯುವಾಗ ಪಕ್ಕದಲ್ಲಿ ನಿಲ್ಲಿ

ಮೇನ್ ಆಫ್ ಮಾಡಿದರೂ ಅದರ ಮೇಲಿನ ಬಾಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿಸಿ. ಟೆಸ್ಟರಿನ ಕೆಂಪು ದೀಪವನ್ನೊಂದೇ ನಂಬಬೇಡಿ. ಮಲ್ಟಿಮೀಟರನ್ನು ಮೊದಲು ಕರೆಂಟ್ ಇರುವ ಕಡೆ ಹಿಡಿದು ನೋಡಿ, ಆಮೇಲೆ ಇಲ್ಲದ ಕಡೆ ನೋಡಿ, ಮತ್ತೊಮ್ಮೆ ಇರುವ ಕಡೆ. ಮೀಟರೇ ಕೆಟ್ಟಿದ್ದರೆ ಇದರಿಂದ ಗೊತ್ತಾಗುತ್ತದೆ.

ವೈರಿನ ಸಿಪ್ಪೆ ಎಷ್ಟು ಬಿಡಿಸಬೇಕು ಅಂತ ಬ್ಲಾಕಿನ ಮೇಲೋ ಪೊಟ್ಟಣದ ಮೇಲೋ ಬರೆದಿರುತ್ತಾರೆ. ಕಡಿಮೆಯಾದರೆ ಸ್ಕ್ರೂ ಸಿಪ್ಪೆಯನ್ನೇ ಒತ್ತುತ್ತದೆ. ಜಾಸ್ತಿಯಾದರೆ ತಾಮ್ರ ಹೊರಗೆ ಕಾಣುತ್ತದೆ. ಎಳೆ ಎಳೆ ವೈರಿನ ತುದಿಗೆ ಸಾಲ್ಡರ್ ಸವರಿದರೆ ಗಟ್ಟಿ ಅಂತ ಕೆಲವರ ನಂಬಿಕೆ. ಸ್ಕ್ರೂ ಕೆಳಗೆ ಸಾಲ್ಡರ್ ನಿಧಾನವಾಗಿ ಸರಿಯುತ್ತದೆ, ದಿನ ಕಳೆದಂತೆ ಸಡಿಲ. ಅದರ ಬದಲು ಪುಟ್ಟ ತಾಮ್ರದ ಕೊಳವೆ ಬರುತ್ತದೆ, ಫೆರೂಲ್ ಅಂತ. ಅದನ್ನು ತೊಡಿಸಿ ಒತ್ತಿಸಿ.

ಬಿಗಿ ಎಷ್ಟು? ಅದೂ ಮೈಮೇಲೆ ನ್ಯೂಟನ್ ಮೀಟರ್ ಲೆಕ್ಕದಲ್ಲಿ ಬರೆದಿರುತ್ತದೆ. ಬಿಗಿತ ಅಳೆದು ತಿರುಗಿಸುವ ಟಾರ್ಕ್ ಸ್ಕ್ರೂಡ್ರೈವರ್ ಇರುವ ಎಲೆಕ್ಟ್ರಿಷಿಯನ್ ಸಿಕ್ಕರೆ ಬಿಡಬೇಡಿ. ಕಡೆಗೆ ಪ್ರತಿ ವೈರನ್ನೂ ಹಿಡಿದು ಎಳೆದು ನೋಡಿಸಿ. ಅಲುಗಿದರೆ ಮತ್ತೆ ಮಾಡಿಸಿ.

ಇಡೀ ಡಬ್ಬಿ ಕೈಗೆ ಸಿಗುವ ಕಡೆ ಇರಲಿ. ಫರಸಿ ಕಲ್ಲಿನ ಹಿಂದೆ, ಪ್ಲಾಸ್ಟರ್ ಒಳಗೆ, ಪಿಒಪಿ ಮೇಲೆ ಜೋಡಣೆ ಮುಚ್ಚಿಟ್ಟರೆ ಮುಂದೆ ಯಾರಿಗೂ ಅದು ಕಾಣುವುದಿಲ್ಲ.

ಕಡೇ ಹೆಜ್ಜೆ: ಒಂದು ಗಂಟೆಯ ಪರೀಕ್ಷೆ

ಎರಡೂ ಮನೆಯ ಗೀಸರ್, ಏಸಿ ಹಾಕಿ ಒಂದು ಗಂಟೆ ಬಿಡಿ. ಎಲೆಕ್ಟ್ರಿಷಿಯನ್ ಹತ್ತಿರ ವೈರಿನ ಸುತ್ತ ಹಿಡಿದರೆ ಆಂಪಿಯರ್ ತೋರಿಸುವ ಕ್ಲಾಂಪ್ ಮೀಟರ್ ಇದ್ದರೆ ನಿಮ್ಮ ಲೆಕ್ಕ ಸರಿಯಿತ್ತಾ ಅಂತ ಆಗಲೇ ಗೊತ್ತಾಗುತ್ತದೆ. ಮುಚ್ಚಳದ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಿದ್ದರೆ ಆಫ್ ಮಾಡಿ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಎಲ್ಲರ ಮನೆಯಲ್ಲೂ ಇದೆ, ಆದರೆ ಇದಕ್ಕೆ ಬರುವುದಿಲ್ಲ. ಅದು ಮೈಬಿಸಿಯ ಆಚೀಚೆ ಮಾತ್ರ ತೋರಿಸುತ್ತದೆ.

ತಾಮ್ರದ ಎಳೆಗಳು ಒತ್ತಡಕ್ಕೆ ಸ್ವಲ್ಪ ಕೂತುಕೊಳ್ಳುತ್ತವೆ. ಆದ್ದರಿಂದ ಒಂದು ತಿಂಗಳು ಬಿಟ್ಟು, ಕರೆಂಟ್ ಆಫ್ ಮಾಡಿ, ಸ್ಕ್ರೂಗಳನ್ನು ಮತ್ತೊಮ್ಮೆ ನೋಡಿಸಿ. ಆಮೇಲೆ ವರ್ಷಕ್ಕೊಮ್ಮೆ ಸಾಕು. ನಾವು ಯುಗಾದಿಗೆ ಮುಂಚೆ ಕೂಲರ್ ಕೆಳಗಿಳಿಸಿ ಹುಲ್ಲು ಬದಲಿಸುವ ದಿನವೇ ಇದನ್ನೂ ಮಾಡಿಸುತ್ತೇವೆ. ಡಬ್ಬಿಯ ಬಾಗಿಲ ಒಳಗಡೆ ತಮ್ಮ ಮಾರ್ಕರ್‌ನಲ್ಲಿ "ಕೆಳಗೆ 25, ಮೇಲೆ 25, ಇನ್ವರ್ಟರ್ ಮೇಲೆ ಅದ, ಮೊದ್ಲು ಅದು ಬಂದ್ ಮಾಡ್ರಿ" ಅಂತ ಬರೆದಿದ್ದಾನೆ. ಅದರ ಕೆಳಗೆ ನೋಡಿಸಿದ ತಾರೀಖುಗಳ ಸಾಲು.